ಅಜ್ಜಿಯ ಕೈ, ಬೆಕ್ಕಿನ ನಾಲಗೆ

ಓದುಗರ ಪ್ರಶ್ನೆ, ಟೀಚರ್ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಆರನೇ ತರಗತಿಗೆ ಕನ್ನಡ ಪಾಠ ಮಾಡುತ್ತೇನೆ. ಉಪಮೆ ಎಂದರೇನು, ರೂಪಕ ಎಂದರೇನು ಎಂದು ಕೇಳಿದರೆ ಮಕ್ಕಳು ಲಕ್ಷಣವನ್ನು ಪಟಪಟ ಹೇಳುತ್ತಾರೆ. ಸ್ವಂತವಾಗಿ ಒಂದು ಬರೆಯಿರಿ ಅಂದರೆ ಮಾತ್ರ ಮುಖ ಚಂದ್ರ, ಕಣ್ಣು ತಾವರೆ, ಹಲ್ಲು ಮುತ್ತು. 38 ಪುಸ್ತಕದಲ್ಲೂ ಅದೇ. ಅವರದೇ ಆದ ಹೋಲಿಕೆ ಬರೆಸುವುದು ಹೇಗೆ?
– ಒಬ್ಬ ಶಿಕ್ಷಕಿ

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ನನ್ನ ಮೊದಲ ವರ್ಷಗಳ ತರಗತಿ ಕಣ್ಣಿಗೆ ಕಟ್ಟಿತು. ನಾನೂ ಬೋರ್ಡಿನ ಮೇಲೆ ಪಟ್ಟಿ ಬರೆಯುತ್ತಿದ್ದೆ. ಮುಖಕ್ಕೆ ಚಂದ್ರ, ದನಿಗೆ ಕೋಗಿಲೆ, ನಡಿಗೆಗೆ ಹಂಸ. ಮಕ್ಕಳು ಬರೆದುಕೊಂಡು, ಬಾಯಿಪಾಠ ಮಾಡಿ, ಪ್ರಬಂಧದಲ್ಲಿ ಹಾಗೇ ಇಳಿಸುತ್ತಿದ್ದರು. ಹಂಸ ನಡೆಯುವುದನ್ನು ಅವರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಹೋಲಿಕೆಯನ್ನು ನಾವೇ ಸಿದ್ಧ ಮಾಡಿ ಕೈಗಿಟ್ಟರೆ ಮಗುವಿಗೆ ನೋಡುವ ಕೆಲಸವೇ ಉಳಿಯುವುದಿಲ್ಲ. ಕಲಿಸಬೇಕಾದದ್ದು ಆ ನೋಡುವ ಕೆಲಸವನ್ನೇ. 32 ವರ್ಷ ಪಾಠ ಮಾಡಿದ ಮೇಲೆ ನಾನು ನಂಬಿರುವುದು ಇಷ್ಟು: ಮಗು ಮೊದಲು ವಸ್ತುವನ್ನು ಸರಿಯಾಗಿ ನೋಡಲಿ, ಹೋಲಿಕೆ ಅದರ ಬೆನ್ನಿಗೇ ಬರುತ್ತದೆ.

ಒಬ್ಬಳು ಹುಡುಗಿಯ ವಿಷಯ ಹೇಳುತ್ತೇನೆ. 'ನನ್ನ ಅಜ್ಜಿ' ಎಂಬ ಪ್ರಬಂಧದಲ್ಲಿ ಅವಳು "ನನ್ನ ಅಜ್ಜಿಯ ಕೈ ಹೂವಿನಂತೆ ಮೃದು" ಎಂದು ಬರೆದಿದ್ದಳು. ಪಕ್ಕಕ್ಕೆ ಕರೆದು ಕೇಳಿದೆ.

"ಅಜ್ಜಿ ಕೈ ಅಷ್ಟು ಮೃದುವಾಗಿದೆಯಾ?"

ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. "ಇಲ್ಲ ಮಿಸ್. ಒರಟು. ಬೆನ್ನು ಸವರಿದರೆ ಗರಗರ ಅನ್ನುತ್ತೆ."

"ಬೇಜಾರಾಗುತ್ತಾ?"

"ಇಲ್ಲ ಮಿಸ್. ಇಷ್ಟ. ನಿದ್ದೆ ಬರುತ್ತೆ."

"ಒರಟು, ಆದರೆ ಇಷ್ಟ. ಅಂಥದ್ದು ಬೇರೆ ಎಲ್ಲಾದರೂ ನೋಡಿದ್ದೀಯಾ? ಈಗಲೇ ಹೇಳಬೇಡ. ಹುಡುಕು."

ಮೂರನೇ ದಿನ ಬೆಳಿಗ್ಗೆ, ಪ್ರಾರ್ಥನೆಗೂ ಮುಂಚೆ, ಪುಸ್ತಕ ತೆರೆದು ಹಿಡಿದಳು. "ಅಜ್ಜಿಯ ಕೈ ಬೆಕ್ಕಿನ ನಾಲಗೆ." ಮನೆಯ ಬೆಕ್ಕು ಅವಳ ಬೆರಳು ನೆಕ್ಕಿತ್ತಂತೆ, ಆಗ ಹೊಳೆಯಿತಂತೆ. ಬೆಕ್ಕಿನ ನಾಲಗೆಯ ಮೇಲೆ ಒಳಕ್ಕೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. ಅದೇ ನಾಲಗೆಯಿಂದ ಅದು ಮರಿಯನ್ನು ನೆಕ್ಕಿ ನೆಕ್ಕಿ ಒಪ್ಪ ಮಾಡುತ್ತದೆ. ಒರಟೂ ಅದರಲ್ಲೇ, ಅಕ್ಕರೆಯೂ ಅದರಲ್ಲೇ. ಆ ಸಾಲು ಓದಿದ ಮೇಲೆ ಆ ಅಜ್ಜಿಯನ್ನು ನಾನು ಒಮ್ಮೆಯೂ ನೋಡದೆ ಬಲ್ಲೆ ಅನ್ನಿಸಿತು.

ಇದರಲ್ಲಿ ನಾನು ಹೇಳಿಕೊಟ್ಟದ್ದು ಏನೂ ಇಲ್ಲ. ಮೂರು ವಿಷಯ ಕೇಳಿದೆ, ಅಷ್ಟೇ. ಬರೆದದ್ದು ನಿಜವಾ? ನಿಜವಾಗಿ ಹೇಗಿದೆ? ಆ ಗುಣ ಬೇರೆ ಎಲ್ಲಿ ಕಂಡಿದ್ದೀಯಾ? ಈ ಕ್ರಮವನ್ನು ಮಾತ್ರ ಬಿಡಬೇಡಿ. ವ್ಯಾಕರಣದಲ್ಲಿ ಉಪಮೇಯ (ಹೋಲಿಸುವ ವಸ್ತು), ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು), ಉಪಮಾವಾಚಕ ('ಅಂತೆ', 'ಹಾಗೆ'), ಸಾಧಾರಣ ಧರ್ಮ (ಎರಡರಲ್ಲೂ ಇರುವ ಗುಣ) ಎಂದು ನಾಲ್ಕು ಹೇಳುತ್ತೇವಲ್ಲ, ಸಾಧಾರಣ ಧರ್ಮವನ್ನು ಕೊನೆಗೆ ಹೇಳಿ ಮುಗಿಸಿಬಿಡುತ್ತೇವೆ. ಬರೆಯುವವರಿಗೆ ಅದೇ ಮೊದಲು ಬೇಕು. ಎರಡಕ್ಕೂ ಸೇರಿದ ಗುಣ ಯಾವುದು ಎಂದು ಗೊತ್ತಾಗದೆ ಉಪಮಾನ ಹುಡುಕಹೊರಟರೆ, ಈಗಾಗಲೇ ಎಲ್ಲರೂ ಬಳಸಿದ್ದೇ ಕೈಗೆ ಸಿಗುತ್ತದೆ. 'ಮೃದು' ಎಂದು ಹಿಡಿದರೆ ಹೂವು. 'ಒರಟು, ಆದರೆ ನಿದ್ದೆ ಬರಿಸುತ್ತೆ' ಎಂದು ಹಿಡಿದರೆ ಬೆಕ್ಕು.

ನೀವು ಈ ವಾರವೇ ಮಾಡಬಹುದಾದ ಒಂದು ಪಾಠ ಇದೆ. ಮಳೆ ಬಂದ ದಿನ ಒಂದು ಒದ್ದೆ ಛತ್ರಿಯನ್ನು ತರಗತಿಯ ಮೂಲೆಯಲ್ಲಿ ನಿಲ್ಲಿಸಿ. ಮೊದಲ 10 ನಿಮಿಷ ಹೋಲಿಕೆಯ ಮಾತೇ ಬೇಡ. ಏನು ಕಾಣುತ್ತಿದೆ, ಅದು ಏನು ಮಾಡುತ್ತಿದೆ, ಅಷ್ಟನ್ನೇ ಹೇಳಲಿ. ನನ್ನ ತರಗತಿಯಲ್ಲಿ ಬಂದದ್ದು ಹೀಗೆ. ಕಪ್ಪಗಿದೆ. ಮಡಚಿಕೊಂಡಿದೆ. ಒಂದು ಕಡ್ಡಿ ಹೊರಗೆ ಚಾಚಿದೆ. ಗೋಡೆಗೆ ಒರಗಿದೆ. ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ. ಕೆಳಗೆ ನೀರು ನಿಂತಿದೆ. ಯಾರೂ ಅದರ ಹತ್ತಿರ ಹೋಗುತ್ತಿಲ್ಲ. ಎಲ್ಲವನ್ನೂ ಬೋರ್ಡಿನ ಮೇಲೆ ಬರೆದೆ. ಆಮೇಲೆ, "ಇದರಲ್ಲಿ ಯಾವುದಾದರೂ ಎರಡನ್ನು ಆರಿಸಿಕೊಳ್ಳಿ. ಆ ಎರಡೂ ಸೇರಿರುವ ಬೇರೆ ಏನನ್ನು ನೋಡಿದ್ದೀರಿ?" ಎಂದೆ.

ಮೂರ್ನಾಲ್ಕು ಮಕ್ಕಳು 'ಬಾವಲಿ' ಅಂದರು. ಕಪ್ಪಗಿದೆ, ಮಡಚಿಕೊಂಡಿದೆ. ಸರಿಯಾಗಿಯೇ ಇದೆ, ಶಹಭಾಸ್ ಅಂದೆ. ಹಿಂದಿನ ಬೆಂಚಿನ ಒಬ್ಬ ಹುಡುಗ, ಯಾವತ್ತೂ ಎರಡು ಸಾಲಿಗಿಂತ ಜಾಸ್ತಿ ಬರೆಯದವನು, 'ನೀರು ತೊಟ್ಟಿಕ್ಕುತ್ತಿದೆ', 'ಯಾರೂ ಹತ್ತಿರ ಹೋಗುತ್ತಿಲ್ಲ' ಎಂಬ ಎರಡನ್ನು ಆರಿಸಿಕೊಂಡಿದ್ದ. ಅವನು ಬರೆದದ್ದು: "ಒದ್ದೆ ಛತ್ರಿ ಬೈಸಿಕೊಂಡು ಮೂಲೆಯಲ್ಲಿ ನಿಂತ ಹುಡುಗ." ಅದೇ ಮೂಲೆಯಲ್ಲಿ ಅವನನ್ನು ನಾನೇ ಎಷ್ಟೋ ಸಲ ನಿಲ್ಲಿಸಿದ್ದೆ. ಆ ದಿನದಿಂದ ಯಾರನ್ನೂ ಅಲ್ಲಿ ನಿಲ್ಲಿಸಲಿಲ್ಲ.

ಎರಡು ಗುಣ ಯಾಕೆ ಅಂದರೆ, ಒಂದೇ ಗುಣ ಇಟ್ಟುಕೊಂಡರೆ ಎಲ್ಲರ ಮನಸ್ಸೂ ಒಂದೇ ಕಡೆ ಓಡುತ್ತದೆ. ಎರಡು ಸೇರಿದಾಗ ದಾರಿ ಕಿರಿದಾಗುತ್ತದೆ, ಪ್ರತಿ ಮಗುವೂ ತನ್ನ ನೆನಪಿನೊಳಗೇ ಹೋಗಿ ಹುಡುಕಬೇಕಾಗುತ್ತದೆ. ಎರಡು ಗುಣಗಳು ಒಂದಕ್ಕೊಂದು ಸ್ವಲ್ಪ ಜಗಳ ಆಡುವಂತಿದ್ದರೆ ಇನ್ನೂ ಒಳ್ಳೆಯದು.

ಮಕ್ಕಳು ಬರೀ ಆಕಾರ, ಬಣ್ಣ ಹಿಡಿದು ಬರೆದರೆ ಬೇಸರ ಮಾಡಿಕೊಳ್ಳಬೇಡಿ. ಅದು ವಯಸ್ಸಿನ ವಿಷಯ. ಡೀಡ್ರಿ ಜೆಂಟ್ನರ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನು ಅಧ್ಯಯನ ಮಾಡಿ 1988ರಲ್ಲಿ ಪ್ರಕಟಿಸಿದ್ದಾರೆ. ಗಿಡದ ಕಾಂಡ ಸ್ಟ್ರಾ ಇದ್ದ ಹಾಗೆ ಎಂಬಂಥ ಮಾತಿಗೆ ಚಿಕ್ಕ ಮಕ್ಕಳು ಎರಡೂ ತೆಳ್ಳಗೆ ಉದ್ದವಾಗಿವೆ ಎಂಬುದನ್ನು ಹಿಡಿಯುತ್ತಾರೆ. ಬೆಳೆದಂತೆ, ಎರಡರಲ್ಲೂ ನೀರು ಮೇಲೇರುತ್ತದೆ ಎಂಬುದು ಕಾಣಿಸುತ್ತದೆ. ನಿಮ್ಮ ಆರನೇ ತರಗತಿಯವರು ಈ ಎರಡರ ನಡುವೆ ದಾಟುತ್ತಿರುವವರು. ಅವರಿಗೆ ಬೇಕಾದದ್ದು ಒಂದೇ ತಳ್ಳು: "ಅದು ಹೇಗೆ ಕಾಣುತ್ತೆ ಅಂತ ಹೇಳಿದೆ, ಸರಿ. ಅದು ಏನು ಕೆಲಸ ಮಾಡುತ್ತೆ?"

ಇನ್ನು ಉಪಮೆಯಿಂದ ರೂಪಕಕ್ಕೆ ಹೋಗುವುದು. ನಮ್ಮ ಭಾಷೆಯಲ್ಲಿ ಇದು ಬಲು ಸುಲಭ. 'ಅಂತೆ', 'ಹಾಗೆ' ತೆಗೆದರೆ ಸಾಕು, ಎರಡು ನಾಮಪದ ಅಕ್ಕಪಕ್ಕ ನಿಂತು ವಾಕ್ಯವೇ ಆಗಿಬಿಡುತ್ತದೆ. ನಡುವೆ ಕ್ರಿಯಾಪದವೂ ಬೇಡ. "ಅಜ್ಜಿಯ ಕೈ ಬೆಕ್ಕಿನ ನಾಲಗೆಯ ಹಾಗಿದೆ", "ಅಜ್ಜಿಯ ಕೈ ಬೆಕ್ಕಿನ ನಾಲಗೆ". ಎರಡನ್ನೂ ಗಟ್ಟಿಯಾಗಿ ಓದಿಸಿ, ಯಾವುದು ಬೇಕೋ ಮಕ್ಕಳೇ ಆರಿಸಲಿ. ರೂಪಕವೇ ಮೇಲು ಎಂದು ಮಾತ್ರ ಹೇಳಿಕೊಡಬೇಡಿ. "ಮಳೆ ನಿಂತ ಮೇಲೆ ಮರ ಅತ್ತು ಮುಗಿಸಿದವರ ಹಾಗೆ ನಿಂತಿತ್ತು" ಎಂದು ಒಬ್ಬಳು ಬರೆದಿದ್ದಳು. ಅಲ್ಲಿ 'ಹಾಗೆ' ತೆಗೆದರೆ ಆ ನೆಮ್ಮದಿಯೇ ಹೋಗಿಬಿಡುತ್ತದೆ.

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 8 ವರ್ಷ. ರೂಪಕ ಎಲ್ಲ ಕವಿಗಳ ಕೆಲಸ, ಅದು ಹುಟ್ಟಿನಿಂದ ಬರಬೇಕು ಅಲ್ವಾ? ಲೆಕ್ಕ, ವಿಜ್ಞಾನ ಓದುವ ಹೊತ್ತಿನಲ್ಲಿ ಇದು ಯಾಕೆ ಬೇಕು? 'ಕಲ್ಲು ಮನಸ್ಸಿನವನು' ಅಂದರೆ ಅವಳು ಎದೆಯೊಳಗೆ ಕಲ್ಲು ಹೇಗೆ ಹೋಯಿತು ಅಂತ ಕೇಳುತ್ತಾಳೆ.
– ಒಬ್ಬ ತಂದೆ

ಉತ್ತರ: ನಿಮ್ಮ ಗೋಡೆಯ ಮೇಲಿನ ಗಡಿಯಾರ ನೋಡಿ. ಅದರಲ್ಲಿ ತಿರುಗುವುದಕ್ಕೆ ನಾವು ಏನನ್ನುತ್ತೇವೆ? ಮುಳ್ಳು. ಯಾವ ಗಿಡದ್ದು? ಬಾಗಿಲಿಗೆ ಬೀಗ ಹಾಕಿ ಜೇಬಿಗೆ ಹಾಕಿಕೊಳ್ಳುವುದು ಬೀಗದ ಕೈ. ಬಾಚಣಿಗೆಗೆ ಹಲ್ಲು, ಸೂಜಿಗೆ ಕಣ್ಣು, ಮೇಜಿಗೆ ಕಾಲು. ಪಕ್ಕದವನ ಏಳಿಗೆ ಕಂಡರೆ ಆಗುವುದು ಹೊಟ್ಟೆಕಿಚ್ಚು. ಕೆಲಸ ಅಂದರೆ ಜಾರಿಕೊಳ್ಳುವವನು ಮೈಗಳ್ಳ. ಎಂಥ ಪದ ನೋಡಿ ಅದು! ಬೇರೆಯವರದ್ದೇನೂ ಕದ್ದಿಲ್ಲ, ತನ್ನ ಮೈಯನ್ನೇ ಕದ್ದು ಬಚ್ಚಿಟ್ಟಿದ್ದಾನೆ. ಇವನ್ನೆಲ್ಲ ಹೆಸರು ಗೊತ್ತಿಲ್ಲದ ಜನ, ದಿನದ ಕೆಲಸದ ನಡುವೆ ಮಾಡಿದ್ದಾರೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ನೀವೂ ಬಳಸುತ್ತೀರಿ.

ಈ ಪದಗಳಿಗೆ ಈಗ ನಿದ್ದೆ ಹತ್ತಿದೆ. ಮಕ್ಕಳ ಕೈಯಲ್ಲಿ ಇವನ್ನು ಎಬ್ಬಿಸುವುದು ನನಗೆ ತುಂಬ ಇಷ್ಟದ ಪಾಠ. ವಾರಕ್ಕೆ ಐದು ಪದ ಹುಡುಕಿ, ಅದರ ಚಿತ್ರ ಬರೆಯಿರಿ ಎನ್ನುತ್ತಿದ್ದೆ. ಒಬ್ಬಳು ಬೀಗಕ್ಕೆ ಐದು ಬೆರಳಿನ ಕೈ ಬರೆದು ತಂದಳು. ಇನ್ನೊಬ್ಬ 'ಮುಖ ಸಪ್ಪಗಾಯಿತು' ಎಂಬುದನ್ನು ತಂದ. ಸಪ್ಪೆ ನಾಲಗೆಯ ರುಚಿ, ಅದು ಮುಖಕ್ಕೆ ಹೇಗೆ ಬಂತು ಎಂದು ತರಗತಿ ಅರ್ಧ ಗಂಟೆ ವಾದ ಮಾಡಿತು. ನಿಮ್ಮ ಮಗಳಿಗೂ ಈ ಆಟ ಆಡಿಸಿ.

ವಿಜ್ಞಾನದ ಮಾತಿಗೆ ಬರೋಣ. ರಾಬರ್ಟ್ ಹುಕ್ ಎಂಬ ವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ಕಾರ್ಕಿನ ತೆಳು ಚೂರನ್ನು ನೋಡಿ, ಕಂಡದ್ದನ್ನು 1665ರಲ್ಲಿ ಪ್ರಕಟಿಸಿದರು. ಸಾಲು ಸಾಲಾಗಿ ಸಣ್ಣ ಖಾನೆಗಳು ಕಂಡವು. ಅವರು ಕೊಟ್ಟ 'ಸೆಲ್' ಎಂಬ ಹೆಸರಿಗೆ ಪುಟ್ಟ ಕೋಣೆ ಎಂದು ಅರ್ಥ. ಜೀವಶಾಸ್ತ್ರ ಇವತ್ತಿಗೂ ಆ ಕೋಣೆಯ ಹೆಸರನ್ನೇ ಹೇಳುತ್ತಿದೆ. ವಿದ್ಯುತ್ 'ಹರಿಯುತ್ತದೆ', ಶಬ್ದಕ್ಕೆ 'ಅಲೆ' ಇದೆ. ಕಾಣದ್ದನ್ನು ಕಂಡದ್ದರ ಮೂಲಕ ಹಿಡಿಯುವುದು ಬಂದರೆ ಮಗುವಿಗೆ ವಿಜ್ಞಾನವೂ ಹತ್ತಿರವಾಗುತ್ತದೆ.

ಹುಟ್ಟಿನಿಂದ ಬರಬೇಕು ಎಂದಿರಿ. ಅರಿಸ್ಟಾಟಲ್ ಕೂಡ ಹಾಗೇ ಹೇಳಿದ್ದ. ರೂಪಕವನ್ನು ಇನ್ನೊಬ್ಬರಿಂದ ಕಲಿಯಲಾಗುವುದಿಲ್ಲ, ಅದು ಹುಟ್ಟುಗುಣ, ಯಾಕೆಂದರೆ ಒಳ್ಳೆಯ ರೂಪಕ ಮಾಡುವುದು ಎಂದರೆ ಸಾಮ್ಯವನ್ನು ಕಾಣುವುದು ಎಂದ. ಅವನ ಕೊನೆಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಮೊದಲನೆಯದನ್ನು ಒಪ್ಪುವುದಿಲ್ಲ. ಕಾಣುವುದನ್ನು ಅಭ್ಯಾಸ ಮಾಡಿಸಬಹುದು. ಹಿಂದಿನ ಬೆಂಚಿನಲ್ಲಿ ಅದು ಆಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

'ಕಲ್ಲು ಮನಸ್ಸು' ಈಗ ಅರ್ಥವಾಗದಿದ್ದರೆ ಚಿಂತೆ ಬೇಡ. ಸಾಲಮನ್ ಆಶ್, ಹ್ಯಾರಿಯೆಟ್ ನೆರ್ಲೋವ್ ಎಂಬಿಬ್ಬರು 1960ರಲ್ಲಿ ಇಂಥದ್ದನ್ನೇ ವರದಿ ಮಾಡಿದ್ದಾರೆ. ಸಿಹಿ, ಗಟ್ಟಿ, ತಣ್ಣಗೆ ಇಂಥ ಪದಗಳನ್ನು ಮನುಷ್ಯರಿಗೂ ಹೇಳಬಹುದಾ ಎಂದು ಮಕ್ಕಳನ್ನು ಕೇಳಿದ್ದರು. ತೀರಾ ಚಿಕ್ಕವರಿಗೆ ಅವು ವಸ್ತುಗಳ ಗುಣ ಮಾತ್ರ. 7-8 ವರ್ಷದವರು ಮನುಷ್ಯರಿಗೂ ಹೇಳಬಹುದು ಎನ್ನುತ್ತಾರೆ, ಆದರೆ ಎರಡು ಅರ್ಥಗಳ ನಂಟು ಅವರಿಗೆ ಇನ್ನೂ ಕಾಣುವುದಿಲ್ಲ. ಅದು ಕಾಣುವುದು ಇನ್ನಷ್ಟು ದೊಡ್ಡವರಾದ ಮೇಲೆ. ನಿಮ್ಮ ಮಗಳು ಎದೆಯೊಳಗೆ ಕಲ್ಲು ಹೇಗೆ ಹೋಯಿತು ಎಂದು ಕೇಳುತ್ತಿದ್ದಾಳಲ್ಲ, ಅಂದರೆ ಬಾಗಿಲ ತನಕ ಬಂದಿದ್ದಾಳೆ. ಅರ್ಥ ಹೇಳಿ ಮುಗಿಸಬೇಡಿ. "ಕಲ್ಲಿಗೆ ನೀರು ಹಾಕಿದರೆ ಏನಾಗುತ್ತೆ? ಮಣ್ಣಿಗೆ ಹಾಕಿದರೆ?" ಎಂದು ಕೇಳಿ ಸುಮ್ನಿರಿ.

ಪ್ರಶ್ನೆ: ನನ್ನ ಮಗ ನಾಲ್ಕನೇ ತರಗತಿ. "ಚಳಿಗೆ ಬಸ್ಸು ಮೂರು ಸಲ ಕೆಮ್ಮಿ ಆಮೇಲೆ ಹೊರಟಿತು" ಎಂದು ಬರೆದಿದ್ದ. ಶಾಲೆಯಲ್ಲಿ ಅದನ್ನು ಹೊಡೆದುಹಾಕಿ 'ಬಸ್ಸು ಕೆಮ್ಮುವುದಿಲ್ಲ' ಎಂದು ಬರೆದಿದ್ದಾರೆ. ಅವನು ಈಗ ಬರೆಯುವುದಕ್ಕೇ ಹಿಂದೇಟು ಹಾಕುತ್ತಾನೆ. ಏನು ಮಾಡಲಿ?
– ಒಬ್ಬ ತಾಯಿ

ಉತ್ತರ: ಅಮ್ಮಾ, ಮೊದಲು ಆ ಸಾಲು ತುಂಬ ಚೆನ್ನಾಗಿದೆ ಎಂದು ಅವನಿಗೆ ಹೇಳಿ. ನಾನು ಹೇಳಿದೆ ಅಂತಲೂ ಹೇಳಿ. ಚಳಿಯಲ್ಲಿ ಎಂಜಿನ್ ಒಂದೇ ಸಲಕ್ಕೆ ಹತ್ತುವುದಿಲ್ಲ, ತಡೆತಡೆದು ಸದ್ದು ಮಾಡುತ್ತದೆ, ಬಸ್ಸು ಅಲುಗಾಡುತ್ತದೆ, ಹಿಂದಿನಿಂದ ಹೊಗೆ ಬರುತ್ತದೆ. ಇಷ್ಟನ್ನೂ ಅವನು ಒಂದು ಕ್ರಿಯಾಪದದಲ್ಲಿ ಹಿಡಿದಿದ್ದಾನೆ. ಬಸ್ಸು ಮುದುಕನ ಹಾಗೆ ಎಂದು ಬರೆದಿಲ್ಲ. ಮುದುಕನ ಹೆಸರೇ ಇಲ್ಲ, ಆದರೂ ಅವನು ಆ ಸಾಲಿನಲ್ಲಿ ಕೂತಿದ್ದಾನೆ. ದೊಡ್ಡವರಿಗೂ ಇದು ಸುಲಭಕ್ಕೆ ಬರುವುದಿಲ್ಲ. 'ಮೂರು ಸಲ' ಎಂದದ್ದು ಇನ್ನೂ ಚೆಂದ. ಎಣಿಸಿದ್ದಾನೆ ಮಗು.

ನಾನು ಏಳನೇ ತರಗತಿಯಲ್ಲಿದ್ದಾಗ "ಕತ್ತಲೆ ನಮ್ಮ ಮನೆಯ ಹಳೇ ಕಂಬಳಿ" ಎಂದು ಬರೆದಿದ್ದೆ. ಚುಚ್ಚುತ್ತದೆ, ಆದರೆ ಮುಸುಕೆಳೆದುಕೊಂಡರೆ ನಿದ್ದೆ ಬರುತ್ತದೆ ಎಂಬುದು ನನ್ನ ಮನಸ್ಸಿನಲ್ಲಿತ್ತು. ಪಾಠ ಮಾಡುತ್ತಿದ್ದವರು ಅದರ ಮೇಲೆ ಕೆಂಪು ಗೀಟೆಳೆದು 'ಕತ್ತಲೆ ಕಾಡಿಗೆಯಂತೆ' ಎಂದು ತಿದ್ದಿದರು. ಅವರಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ, ಸರಿಯಾದದ್ದು ಕಲಿಸುತ್ತಿದ್ದೇನೆ ಎಂದೇ ತಿಳಿದಿದ್ದರು. ಅದಾದ ಮೇಲೆ ಕಾಲೇಜು ಮುಗಿಯುವ ತನಕ ನಾನು ಒಂದೂ ಸ್ವಂತ ಹೋಲಿಕೆ ಬರೆಯಲಿಲ್ಲ. ಆ ಕೆಂಪು ಗೀಟು ಈಗಲೂ ಕಣ್ಣ ಮುಂದಿದೆ. ಅದಕ್ಕೇ ಮಕ್ಕಳ ಹೋಲಿಕೆಯ ಮೇಲೆ ನಾನು ಯಾವತ್ತೂ ಗೀಟು ಹಾಕಲಿಲ್ಲ. ಅರ್ಥವಾಗದಿದ್ದರೆ ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಇದು ಹೇಗೆ? ನನಗೆ ಹೇಳು' ಎಂದು ಬರೆಯುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಮಗುವಿನ ಹತ್ತಿರ ಉತ್ತರ ಇರುತ್ತಿತ್ತು, ಆ ಉತ್ತರವನ್ನೇ ಸಾಲಿಗೆ ಸೇರಿಸು ಎನ್ನುತ್ತಿದ್ದೆ. ಉತ್ತರ ಇಲ್ಲದಿದ್ದಾಗ ಮಗುವೇ ಅದನ್ನು ಬಿಟ್ಟುಬಿಡುತ್ತಿತ್ತು.

ಶಾಲೆಗೆ ಜಗಳಕ್ಕೆ ಹೋಗಬೇಡಿ. ಮನೆಯಲ್ಲಿ ಅವನಿಗೇ ಅಂತ ಒಂದು ನೋಟ್‌ಬುಕ್ ಕೊಡಿ. ದಿನಕ್ಕೆ ಒಂದು ಸಾಲು. ಏನು ಕಂಡೆ, ಅದು ಏನು ಮಾಡುತ್ತಿತ್ತು, ಅಷ್ಟೇ. ನೀವೂ ಒಂದು ಸಾಲು ಬರೆಯಿರಿ, ಅವನಿಗೆ ತೋರಿಸಿ. ತಿದ್ದಬೇಡಿ.

ಪ್ರಶ್ನೆ: ಟೀಚರ್, ನಾನು ಹತ್ತನೇ ತರಗತಿ. ಪ್ರಬಂಧದಲ್ಲಿ ಎಷ್ಟು ರೂಪಕ ಇರಬೇಕು? ನಾನು ಹೀಗೆ ಬರೆದಿದ್ದೇನೆ: "ಸೋಲಿನ ಬಿರುಗಾಳಿಗೆ ಸಿಕ್ಕ ನನ್ನ ಜೀವನದ ದೋಣಿ ಹಳಿ ತಪ್ಪಿತು, ಕನಸಿನ ಗೋಪುರ ಬಾಡಿಹೋಯಿತು." ಗೆಳತಿಯರು ಸೂಪರ್ ಅಂದರು. ಆದರೆ ನನಗೇ ಏನೋ ಸರಿ ಇಲ್ಲ ಅನಿಸುತ್ತಿದೆ.
– ಒಬ್ಬಳು ವಿದ್ಯಾರ್ಥಿನಿ

ಉತ್ತರ: ನಿನಗೆ ಅನಿಸಿದ್ದು ಸರಿ ಮಗೂ. ಒಂದು ಹಾಳೆ ತೆಗೆದುಕೊಂಡು ಆ ವಾಕ್ಯದ ಚಿತ್ರ ಬರೆ. ನೀರಿನ ಮೇಲೆ ದೋಣಿ ಬರೆದೆ. ಹಳಿ ಎಲ್ಲಿ ಬರೆಯುತ್ತೀಯಾ? ಹಳಿ ರೈಲಿನದು. ಗೋಪುರ ಬಾಡುವುದಿಲ್ಲ, ಬೀಳುತ್ತದೆ. ಬಾಡುವುದು ಹೂವು. ಒಂದು ಹೋಲಿಕೆ ಹಿಡಿದರೆ ವಾಕ್ಯ ಮುಗಿಯುವ ತನಕ ಅದರ ಲೋಕದಲ್ಲೇ ಇರಬೇಕು. ಚಿತ್ರ ಬರೆಯಲಾಗದ ಕಡೆ ಏನೋ ತಪ್ಪಿದೆ ಎಂದು ತಿಳಿ.

ಎಷ್ಟು ಬೇಕು ಅಂದರೆ, ಪುಟಕ್ಕೆ ಒಂದು ಒಳ್ಳೆಯದಿದ್ದರೂ ನನಗೆ ಸಾಕು. ಒಂದೂ ಇಲ್ಲದ ಒಳ್ಳೆಯ ಪುಟಗಳನ್ನೂ ಓದಿದ್ದೇನೆ. ಸುಮ್ನೆ ಅಲಂಕಾರಕ್ಕೆ ಎಂದು ತುರುಕಬೇಡ.

ಆದರೆ ನಿನ್ನ ವಾಕ್ಯದ ಹಿಂದೆ ಏನೋ ನಡೆದಿದೆ ಅಲ್ವಾ? ಫಲಿತಾಂಶ ಬಂದ ದಿನ ಇರಬಹುದು, ಬೇರೆ ಏನಾದರೂ ಇರಬಹುದು. ದೋಣಿ, ಗೋಪುರ ಎಲ್ಲ ಪಕ್ಕಕ್ಕಿಡು. ಆ ದಿನ ನೀನು ಮನೆಗೆ ಹೇಗೆ ಹೋದೆ? ಬಾಗಿಲು ಯಾರು ತೆಗೆದರು? ಬ್ಯಾಗು ಎಲ್ಲಿ ಇಟ್ಟೆ? ಯಾರಾದರೂ ಏನಾದರೂ ಕೇಳಿದರಾ, ಇಲ್ಲ ಯಾರೂ ಕೇಳಲಿಲ್ಲವಾ? ಮೊದಲು ಅದನ್ನು ಬರೆ. ಬರೆಯುತ್ತಾ ಇರುವಾಗ ಹೋಲಿಕೆ ಬಂದರೆ ಬರಲಿ, ಬಾರದಿದ್ದರೆ ಹಾಗೇ ಕಳಿಸು. ನಾನು ಓದುತ್ತೇನೆ.